ಬಿರುಗಾಳಿ ನಂತರದ ಲೈನ್ ಕೆಲಸ: ‘ಎಮರ್ಜೆನ್ಸಿ’ಗೆ ಓವರ್‌ಟೈಮ್ ಇಲ್ಲವೇ?

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯವರು, ಗೋವಾದ ಝುವಾರಿನಗರದಲ್ಲಿ ಬಹಳ ವರ್ಷಗಳಿಂದ ಇದ್ದೇವೆ. ನನ್ನ ತಮ್ಮ ವಿದ್ಯುತ್ ಲೈನ್ ಗುತ್ತಿಗೆದಾರರೊಬ್ಬರ ಬಳಿ ದಿನಕ್ಕೆ 600 ರೂಪಾಯಿಯಂತೆ ಹೆಲ್ಪರ್ ಆಗಿದ್ದಾನೆ. ಮಳೆಗಾಲದ ಮುಂಚಿನ ಬಿರುಗಾಳಿಗೆ ಕಂಬಗಳು ಬಿದ್ದಾಗ 15 ದಿನ ಒಂದೇ ಸಮನೆ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ದುಡಿದ. ಬಟವಾಡೆಯ ದಿನ 15 ಹಾಜರಿ ಹಾಕಿ, ಊಟದ ಖರ್ಚನ್ನೂ ಮುರಿದುಕೊಂಡು ಉಳಿದದ್ದನ್ನು ಕೈಗಿಟ್ಟರು. ಕೇಳಿದರೆ ‘ಎಮರ್ಜೆನ್ಸಿ ಕೆಲಸಕ್ಕೆ ಓವರ್‌ಟೈಮ್ ಇಲ್ಲ’ ಎನ್ನುತ್ತಾರೆ. ಜೊತೆಯ 25 ವರ್ಷದ ಹುಡುಗನಿಗೆ ಕಂಬದ ಮೇಲೆ ಶಾಕ್ ಹೊಡೆದು ಕೈ ಸುಟ್ಟಿದೆ. ಖಾಸಗಿ ದವಾಖಾನೆಗೆ ಒಯ್ದು ಬಿಲ್ಲು ಕಟ್ಟಿ, ಯಾರಿಗೂ ಹೇಳಬೇಡಿ ಎಂದಿದ್ದಾರೆ. ಈಗ ತಂಡವನ್ನು ಸಿಂಧುದುರ್ಗಕ್ಕೆ ಕಳಿಸುವ ಮಾತಿದೆ. ತಮ್ಮ ಕಂಬ ಹತ್ತಲು ಒಲ್ಲೆ ಎನ್ನಬಹುದೇ? ಕೂಲಿ ಕೇಳಬಹುದೇ? ಕೆಲಸಕ್ಕೆ ಕರೆತಂದ ಮುಕಾದಮರು ನಮ್ಮೂರಿನವರೇ, ಅದೇ ಸಂಕಟ.

ಉತ್ತರ: ಕೂಲಿ ಕೇಳಬಹುದು, ಕೇಳಲೇಬೇಕು. ಕಂಬದ ವಿಷಯವನ್ನು ಆಮೇಲೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ಕೂಲಿಗಿಂತ ದೊಡ್ಡ ವಿಷಯ.

ಗುತ್ತಿಗೆದಾರರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಎಲ್ಲರ ಬಾಯಿ ಮುಚ್ಚಿಸುತ್ತದೆ. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಅವುಗಳಲ್ಲಿ ಒಂದಾದ 2019ರ ವೇತನ ಸಂಹಿತೆಯ 13ನೇ ಕಲಮು ದಿನದ ದುಡಿಮೆಯ ಅವಧಿಯನ್ನು ಗೊತ್ತುಮಾಡುವ ಬಗ್ಗೆ ಹೇಳುತ್ತದೆ. ಮುಂಚೆ ಊಹಿಸಲಾಗದ, ತಡೆಯಲಾಗದ ತುರ್ತು ಪ್ರಸಂಗದಲ್ಲಿ ದುಡಿಯುವವರ ಮಟ್ಟಿಗೆ ಆ ಅವಧಿಯ ನಿಯಮವನ್ನು ಸಡಿಲಿಸಲು ಅಲ್ಲಿ ಅವಕಾಶವಿದೆ. ಗುತ್ತಿಗೆದಾರರು ಓದಿದ್ದರೆ ಇಲ್ಲಿಗೇ ಪುಸ್ತಕ ಮುಚ್ಚಿದ್ದಾರೆ. ಅದರ ಮುಂದಿನದೇ 14ನೇ ಕಲಮು: ಗೊತ್ತಾದ ಅವಧಿಗಿಂತ ಹೆಚ್ಚು ದುಡಿದ ಪ್ರತಿ ತಾಸಿಗೂ ಸಾಮಾನ್ಯ ದರದ ಎರಡು ಪಟ್ಟಿಗೆ ಕಡಿಮೆಯಾಗದಂತೆ ಕೂಲಿ ಕೊಡಬೇಕು. ಈ ಕಲಮಿನಲ್ಲಿ ತುರ್ತು ಪ್ರಸಂಗಕ್ಕೆ ವಿನಾಯಿತಿ ಇಲ್ಲ. ಅಂದರೆ ತುರ್ತಿನ ಹೆಸರಿನಲ್ಲಿ ಹೆಚ್ಚು ಹೊತ್ತು ದುಡಿಸಲು ದಾರಿಯುಂಟು, ಪುಕ್ಕಟೆ ದುಡಿಸಲು ಇಲ್ಲ. ಇಷ್ಟಕ್ಕೂ ಕೊಂಕಣ ಕರಾವಳಿಯಲ್ಲಿ ಮೇ, ಜೂನ್ ತಿಂಗಳ ಗಾಳಿ ಯಾರೂ ಊಹಿಸದ ಸಂಗತಿಯೇ? 2020ರ ಜೂನ್ 3ರಂದು ‘ನಿಸರ್ಗ’ ಅಲಿಬಾಗ್ ಬಳಿ ದಡ ಹತ್ತಿತು. ಮರುವರ್ಷ ಮೇ 16ರಂದು ‘ತೌಕ್ತೆ’ ಗೋವಾದ ಪಕ್ಕದಿಂದ ಹಾದುಹೋಗಿ ರಾಜ್ಯದ ಬಹುಭಾಗವನ್ನು ಕತ್ತಲೆಗೆ ತಳ್ಳಿತು. ಚಂಡಮಾರುತ ಬಾರದ ವರ್ಷವೂ ಮೊದಲ ಮಳೆಗೆ ಹಲಸು, ಮಾವು, ತೆಂಗು ತಂತಿಯ ಮೇಲೆ ಬೀಳುತ್ತವೆ. ಇದನ್ನು ಲೆಕ್ಕ ಹಿಡಿದೇ ಗುತ್ತಿಗೆದಾರರು ಟೆಂಡರ್‌ನಲ್ಲಿ ದರ ಹಾಕಬೇಕು.

ಈಗ ಲೆಕ್ಕ. ಎಂಟು ತಾಸಿಗೆ 600 ರೂಪಾಯಿ ಎಂದರೆ ತಾಸಿಗೆ 75. ಎರಡು ಪಟ್ಟು 150. ಆರರಿಂದ ಹತ್ತರವರೆಗಿನ ಹದಿನಾರು ತಾಸಿನಲ್ಲಿ ಊಟ, ಚಹಾ, ವಿಶ್ರಾಂತಿಗೆ ಎರಡು ತಾಸು ಕಳೆಯೋಣ. ಉಳಿದ ಹದಿನಾಲ್ಕರಲ್ಲಿ ಎಂಟಕ್ಕೆ 600, ಮೇಲಿನ ಆರಕ್ಕೆ 900, ಒಟ್ಟು ದಿನಕ್ಕೆ 1,500. ಹದಿನೈದು ದಿನಕ್ಕೆ 22,500 ರೂಪಾಯಿ ಆಗಬೇಕಿತ್ತು. ಹಾಜರಿ ಹಾಕಿದ್ದು 9,000ಕ್ಕೆ. ಬಾಕಿ 13,500, ಅದರ ಮೇಲೆ ಮುರಿದುಕೊಂಡ ಊಟದ ಹಣ. ವಾರದ ರಜೆ ಕೊಡದೆ ದುಡಿಸಿದ ದಿನಗಳಿಗೆ ಬದಲಿ ರಜೆ ಬೇರೆ ಬರಬೇಕು. ‘ಅಷ್ಟು ತಾಸು ದುಡಿಸುವುದೇ ಕಾನೂನುಬಾಹಿರ, ಹಾಗಾಗಿ ಅದನ್ನು ಬರೆಯಲು ಬರುವುದಿಲ್ಲ’ ಎಂದು ಕೆಲವು ಗುತ್ತಿಗೆದಾರರು ಬಹಳ ಮುಗ್ಧರಂತೆ ಹೇಳುತ್ತಾರೆ. ಮಿತಿ ಮೀರಿ ದುಡಿಸಿದ್ದು ಅವರ ತಪ್ಪು. ತಮ್ಮ ತಪ್ಪನ್ನೇ ಮುಂದಿಟ್ಟುಕೊಂಡು ಇನ್ನೊಬ್ಬರ ಕೂಲಿ ತಪ್ಪಿಸಲು ಬರುವುದಿಲ್ಲ.

ಊಟದ ಹಣವನ್ನು ಮನಸ್ಸಿಗೆ ಬಂದಂತೆ ಮುರಿಯಲೂ ಆಗದು. ಯಾವುದಕ್ಕೆ ಮುರಿಯಬಹುದು ಎಂಬುದನ್ನು ಕಾನೂನೇ ಪಟ್ಟಿ ಮಾಡಿದೆ, ಎಲ್ಲ ಕಡಿತ ಸೇರಿದರೂ ಕೂಲಿಯ ಅರ್ಧ ದಾಟುವಂತಿಲ್ಲ, ಮತ್ತು ಪ್ರತಿಯೊಂದೂ ವೇತನ ಚೀಟಿಯಲ್ಲಿ ಕಾಣಬೇಕು. ನಿಮ್ಮ ತಮ್ಮನಿಗೆ ವೇತನ ಚೀಟಿಯಾಗಲಿ ನೇಮಕಾತಿ ಪತ್ರವಾಗಲಿ ಕೊಟ್ಟಿರಲಾರರು ಎಂದುಕೊಳ್ಳುತ್ತೇನೆ. ಎರಡೂ ಈಗ ಕಡ್ಡಾಯ.

ಕೊಡಬೇಕಾದವರು ಯಾರು? ಇಂಥ ಕೆಲಸದಲ್ಲಿ ಸರಪಳಿ ಉದ್ದವಿರುತ್ತದೆ. ಮೇಲೆ ವಿದ್ಯುತ್ ಇಲಾಖೆ, ಅದರ ಕೆಳಗೆ ಟೆಂಡರ್ ಪಡೆದ ಗುತ್ತಿಗೆದಾರ, ಅವನ ಕೆಳಗೆ ಉಪಗುತ್ತಿಗೆದಾರ, ಕೊನೆಗೆ ಊರಿನಿಂದ ಜನರನ್ನು ಕರೆತರುವ ಮುಕಾದಮ. ಕೇಳಿದಾಗ ಪ್ರತಿಯೊಬ್ಬರೂ ಮೇಲಿನವರತ್ತ ಬೆರಳು ತೋರಿಸುತ್ತಾರೆ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರೇ ಕೊಟ್ಟು ಆಮೇಲೆ ಗುತ್ತಿಗೆದಾರನ ಬಿಲ್ಲಿನಲ್ಲಿ ವಸೂಲು ಮಾಡಿಕೊಳ್ಳಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇರುವ ತತ್ವ, ಹೊಸ ಸಂಹಿತೆಗಳಲ್ಲೂ ಉಳಿದಿದೆ. ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯಿಸಲು ಈಗ ಐವತ್ತು ಜನರಿರಬೇಕು ಎಂದು ಹೇಳಿ ಸಣ್ಣ ಗುತ್ತಿಗೆದಾರರು ಜಾರಿಕೊಳ್ಳುವುದುಂಟು. ವೇತನ ಸಂಹಿತೆಗೆ ಅಂಥ ಸಂಖ್ಯೆಯ ಮಿತಿ ಇಲ್ಲ. ಒಬ್ಬನೇ ಕೂಲಿಕಾರನಿದ್ದರೂ ಅದು ಅನ್ವಯಿಸುತ್ತದೆ.

ಮುಕಾದಮರು ನಿಮ್ಮೂರಿನವರು ಎಂದಿದ್ದೀರಿ. ನಮ್ಮ ಜನರ ಅರ್ಧ ಪ್ರಕರಣಗಳು ಇಲ್ಲಿಯೇ ಸತ್ತುಹೋಗುತ್ತವೆ. ಮದುವೆಗೆ ಉಚಲ (ಮುಂಗಡ ಹಣ) ಕೊಟ್ಟವರು ಅವರೇ, ಬೈನಾದಲ್ಲೋ ಝುವಾರಿನಗರದಲ್ಲೋ ಬಾಡಿಗೆ ಖೋಲಿ ಹಿಡಿಸಿಕೊಟ್ಟವರೂ ಅವರೇ, ನಾಳೆ ಊರ ಜಾತ್ರೆಯಲ್ಲಿ ಮುಖ ನೋಡಬೇಕಾದವರೂ ಅವರೇ. ಅವರ ಮೇಲೆ ಅರ್ಜಿ ಬರೆಯುವುದು ಮನೆಮಂದಿಗೆಲ್ಲ ಕಸಿವಿಸಿ. ಆದರೆ ಸ್ವಲ್ಪ ಯೋಚಿಸಿ: ಬಹುತೇಕ ಪ್ರಸಂಗಗಳಲ್ಲಿ ಓವರ್‌ಟೈಮ್ ಹಣ ಮುಕಾದಮರ ಕೈಗೇ ಬಂದಿರುವುದಿಲ್ಲ. ಅವರೂ ತಲೆ ಎಣಿಕೆಯ ಮೇಲೆ ಕಮಿಷನ್ ತಿನ್ನುವವರು. ಅರ್ಜಿಯನ್ನು ಗುತ್ತಿಗೆದಾರ ಸಂಸ್ಥೆಯ ಹೆಸರಿಗೆ ಬರೆದು, ಅದರ ಪ್ರತಿಯನ್ನು ಆ ಭಾಗದ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ಕೊಡಿ. ಮುಕಾದಮರನ್ನು ಎದುರಾಳಿ ಮಾಡುವುದು ಬೇಡ, ಸಾಕ್ಷಿ ಮಾಡಿಕೊಳ್ಳಿ. ಎಷ್ಟೋ ಮುಕಾದಮರು ಒಳಗೊಳಗೇ ಇದನ್ನೇ ಬಯಸುತ್ತಾರೆ.

‘ಪುರಾವೆ ಎಲ್ಲಿದೆ’ ಎಂಬ ಹೆದರಿಕೆಯನ್ನು ಬಿಡಿ. ಕೂಲಿ ಕೊಟ್ಟಿಲ್ಲ ಅಥವಾ ಕಡಿಮೆ ಕೊಟ್ಟಿದ್ದಾರೆ ಎಂದು ಹಕ್ಕುಕೋರಿಕೆ ಸಲ್ಲಿಸಿದರೆ, ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು ಎಂದು ವೇತನ ಸಂಹಿತೆಯ 59ನೇ ಕಲಮು ಹೇಳುತ್ತದೆ. ಆದರೂ ಎಷ್ಟು ತಾಸು ದುಡಿದೆ ಎಂಬುದನ್ನು ನೀವು ತೋರಿಸಬೇಕಾಗುತ್ತದೆ, ಮಸ್ಟರ್ (ಹಾಜರಿ ಪುಸ್ತಕ) ಅವರ ಕೈಯಲ್ಲಿದೆ. ಇಲ್ಲಿ ಲೈನ್ ಕೆಲಸದವರಿಗೆ ಬೇರೆ ಕೂಲಿಕಾರರಿಗಿಲ್ಲದ ಒಂದು ಅನುಕೂಲವಿದೆ, ಅದನ್ನು ಯಾರೂ ಬಳಸುವುದಿಲ್ಲ. ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ವಿದ್ಯುತ್ ಮಾರ್ಗ) ಬಂದ್ ಮಾಡಿ ಲೈನ್ ಕ್ಲಿಯರ್ (ಕರೆಂಟ್ ತೆಗೆದಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಕೊಟ್ಟಾಗ ಮತ್ತು ಅದನ್ನು ವಾಪಸು ಪಡೆದಾಗ ಸಬ್‌ಸ್ಟೇಷನ್‌ನ ಲಾಗ್ ಪುಸ್ತಕದಲ್ಲಿ ವೇಳೆ ಬರೆಯುತ್ತಾರೆ. ಬೆಳಿಗ್ಗೆ 6.40ಕ್ಕೆ ಕೊಟ್ಟಿದ್ದು, ರಾತ್ರಿ 9.30ಕ್ಕೆ ಮರಳಿಸಿದ್ದು ಎಂದು ಆ ಪುಸ್ತಕದಲ್ಲಿದ್ದರೆ, ನಿಮ್ಮ ತಮ್ಮನ ತಂಡ ಆ ಹೊತ್ತಿನಲ್ಲಿ ಎಲ್ಲಿತ್ತು ಎಂಬುದಕ್ಕೆ ಸರ್ಕಾರಿ ಪುಸ್ತಕವೇ ಸಾಕ್ಷಿ. ಗೋವಾದಲ್ಲಿ ವಿದ್ಯುತ್ ಪೂರೈಸುವುದು ಸರ್ಕಾರದ ಇಲಾಖೆಯೇ ಆದ್ದರಿಂದ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಆ ದಿನಗಳ ಲಾಗ್ ಪುಟಗಳ ಪ್ರತಿ, ಕೆಲಸದ ಆದೇಶದ ಪ್ರತಿ ಕೇಳಿ. ಉತ್ತರಕ್ಕೆ ಮೂವತ್ತು ದಿನದ ಗಡುವಿದೆ. ಪುಣೆಯವರು ಮಹಾರಾಷ್ಟ್ರ ಸರ್ಕಾರದ ವಿದ್ಯುತ್ ಕಂಪನಿ ಮಹಾವಿತರಣಕ್ಕೂ ಮುಂಬೈ ನಗರದವರು ಪಾಲಿಕೆಯ ಬೆಸ್ಟ್‌ಗೂ ಹೀಗೆಯೇ ಅರ್ಜಿ ಹಾಕಬಹುದು. ಮುಂಬೈ ಉಪನಗರಗಳಲ್ಲಿ ವಿತರಣೆ ಖಾಸಗಿ ಕಂಪನಿಗಳ ಕೈಯಲ್ಲಿರುವ ಕಡೆ ಈ ದಾರಿ ಇಷ್ಟು ಸುಲಭವಲ್ಲ, ಅಲ್ಲಿ ಕಾರ್ಮಿಕ ಅಧಿಕಾರಿಯ ಮೂಲಕವೇ ದಾಖಲೆ ತರಿಸಬೇಕು.

ತಮ್ಮ ಇನ್ನು ಮುಂದೆ ದಿನಾ ರಾತ್ರಿ ನಿಮಗೆ ಒಂದು ವಾಟ್ಸಾಪ್ ಸಂದೇಶ ಕಳಿಸಲಿ: ಯಾವ ಫೀಡರ್, ಯಾವ ಊರು, ಶುರುವಾದ ವೇಳೆ, ಮುಗಿದ ವೇಳೆ, ಕೆಲಸ ಹೇಳಿದವರ ಹೆಸರು. ಅಂದಂದೇ ಕಳಿಸಿದ ಸಂದೇಶಕ್ಕೆ ಆಮೇಲೆ ನೆನಪಿನಿಂದ ಬರೆದ ನಾಲ್ಕು ಪುಟಕ್ಕಿಂತ ಹೆಚ್ಚು ತೂಕ.

ಮೊದಲೇ ಕೋರ್ಟು ಕಚೇರಿ ಎಂದು ಓಡಬೇಡಿ. ಬಿರುಗಾಳಿ ಕೆಲಸದ ಬಿಲ್ಲು ಇಲಾಖೆಯಲ್ಲಿ ಪಾಸಾಗುವ ಮುನ್ನ ಎಂಜಿನಿಯರ್ ಮೇಜಿನ ಮೇಲೆ ಕೂಲಿ ಬಾಕಿಯ ಅರ್ಜಿ ಬಿದ್ದರೆ ಗುತ್ತಿಗೆದಾರರು ತಾವಾಗಿ ಫೋನು ಮಾಡುತ್ತಾರೆ. ಅದಕ್ಕೇ ಈಗ ತಡ ಮಾಡಬಾರದು. ಅದರಿಂದ ಆಗದಿದ್ದರೆ ಪಣಜಿಯ ಪಾಟೊದಲ್ಲಿರುವ ಶ್ರಮಶಕ್ತಿ ಭವನ, ಕಾರ್ಮಿಕ ಆಯುಕ್ತರ ಕಚೇರಿ ಅಲ್ಲಿದೆ. ಹಕ್ಕುಕೋರಿಕೆಗೆ ಮೂರು ವರ್ಷದ ಅವಧಿಯಿದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸಲು ಅಧಿಕಾರಿಗೆ ಅಧಿಕಾರವಿದೆ. ಪೂರ್ತಿ ಹತ್ತು ಪಟ್ಟು ಸಿಗುತ್ತದೆಂದು ಆಸೆ ಹುಟ್ಟಿಸಲಾರೆ, ಆದರೆ ಆ ಮಾತು ಅರ್ಜಿಯಲ್ಲಿದ್ದರೆ ರಾಜಿಯ ಮೊತ್ತ ಮೇಲೇರುತ್ತದೆ. ಒಬ್ಬರೇ ಸಹಿ ಹಾಕಿದರೆ ಮರುದಿನದಿಂದ ಕೆಲಸಕ್ಕೆ ಕರೆಯದೇ ಹೋಗಬಹುದು, ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸರಿಯಲ್ಲ. ತಂಡದ ಎಂಟು ಹತ್ತು ಜನ ಒಂದೇ ಅರ್ಜಿಗೆ ಸಹಿ ಹಾಕಲಿ. ಲೈನ್ ಕೆಲಸ ಬಲ್ಲ ಹತ್ತು ಜನರನ್ನು ಮಳೆಗಾಲದ ನಡುವೆ ಬಿಟ್ಟುಕೊಡುವ ಗುತ್ತಿಗೆದಾರ ಗೋವಾದಲ್ಲಿ ಸಿಗುವುದು ಕಷ್ಟ.

ಇನ್ನು ಆ ಹುಡುಗನ ಕೈ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಇದು. ವಿದ್ಯುತ್ ಸುಟ್ಟ ಗಾಯ ಹೊರಗೆ ರೂಪಾಯಿ ಅಗಲ ಕಂಡರೂ ಒಳಗೆ ಸ್ನಾಯು, ನರ ಬೆಂದಿರಬಹುದು. ಹೃದಯದ ಬಡಿತ ಏರುಪೇರಾಗಬಹುದು, ಮೂತ್ರ ಕಪ್ಪಗೆ ಬಂದರೆ ಮೂತ್ರಪಿಂಡಕ್ಕೆ ಅಪಾಯ. ಮುಲಾಮು ಹಚ್ಚಿ ಕಳಿಸಿದ್ದಾರೆ ಎಂದಾದರೆ ಇಂದೇ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ‘ಕೆಲಸದ ವೇಳೆ ಕಂಬದ ಮೇಲೆ ಶಾಕ್’ ಎಂದೇ ಹೇಳಬೇಕು, ಕಾಗದದಲ್ಲಿ ಅದೇ ಬರೆಸಬೇಕು. ‘ಮನೆಯಲ್ಲಿ ಹೀಟರ್ ಮುಟ್ಟಿದ’ ಎಂದು ಬರೆಸಿದ ಒಂದು ಸಾಲು ಮುಂದಿನ ಎಲ್ಲ ಬಾಗಿಲನ್ನೂ ಮುಚ್ಚಿಬಿಡುತ್ತದೆ. ಯಾರಿಗೂ ಹೇಳಬೇಡಿ ಎನ್ನುವವರು ಆ ಸಾಲಿಗಾಗಿಯೇ ದವಾಖಾನೆಯ ಬಿಲ್ಲು ಕಟ್ಟುತ್ತಾರೆ.

ಅವನ ಕೂಲಿಯಿಂದ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಂತು ಹೋಗುತ್ತಿದ್ದರೆ ಪರಿಹಾರದ ದಾರಿ ಅದು. ತಿಂಗಳಿಗೆ 21,000 ರೂಪಾಯಿಯವರೆಗೆ ಕೂಲಿ ಇರುವವರು ಅದರ ವ್ಯಾಪ್ತಿಗೆ ಬರುತ್ತಾರೆ. ಬಿರುಗಾಳಿ ತಿಂಗಳಲ್ಲಿ ಓವರ್‌ಟೈಮ್ ಸೇರಿ ಆ ಮೊತ್ತ ದಾಟಿದರೂ ವ್ಯಾಪ್ತಿ ತಪ್ಪುವುದಿಲ್ಲ, ಮಿತಿಯ ಲೆಕ್ಕಕ್ಕೆ ಓವರ್‌ಟೈಮ್ ಸೇರದು. ಕಾರ್ಮಿಕನ ಪಾಲು ನೂರಕ್ಕೆ 75 ಪೈಸೆ, ಮಾಲೀಕರ ಪಾಲು 3 ರೂಪಾಯಿ 25 ಪೈಸೆ. ಕೆಲಸದಲ್ಲಾದ ಗಾಯಕ್ಕೆ ಗುಣವಾಗುವವರೆಗೆ ಸರಾಸರಿ ಕೂಲಿಯ ಶೇ 90ರಷ್ಟು ಹಣ ಸಿಗುತ್ತದೆ, ಚಿಕಿತ್ಸೆಯೂ ಉಂಟು, ಮಡಗಾಂವದಲ್ಲಿ ಇಎಸ್‌ಐ ಆಸ್ಪತ್ರೆಯಿದೆ. ಕಂತು ನಿಜವಾಗಿ ಕಟ್ಟಿದ್ದಾರೆಯೇ ಎಂದು ವಿಮಾ ಸಂಖ್ಯೆ ಹಿಡಿದು ನೋಡಿ, ಭವಿಷ್ಯನಿಧಿಯದನ್ನು ಉಮಂಗ್ ಆ್ಯಪ್‌ನಲ್ಲಿ ನೋಡಬಹುದು.

ಇಎಸ್‌ಐ ವ್ಯಾಪ್ತಿಗೆ ಬಾರದಿದ್ದರೆ ನೌಕರರ ಪರಿಹಾರದ ದಾರಿ. ಎರಡನ್ನೂ ಪಡೆಯಲು ಬರುವುದಿಲ್ಲ. 1923ರ ಕಾಯ್ದೆಯ ಲೆಕ್ಕದ ಸೂತ್ರ ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಮಾಸಿಕ ಕೂಲಿಯ ಶೇ 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 2020ರ ಜನವರಿಯ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ರೂಪಾಯಿ. 25 ವರ್ಷಕ್ಕೆ ಗುಣಕ 216.91. ಅಂದರೆ 9,000ವನ್ನು 216.91ರಿಂದ ಗುಣಿಸಿದರೆ 19,52,190 ರೂಪಾಯಿ. ದುಡಿಯುವ ಶಕ್ತಿ ಶೇ 30ರಷ್ಟು ಹೋಗಿದೆ ಎಂದು ವೈದ್ಯರು ಬರೆದರೆ ಅದರ ಶೇ 30, ಅಂದರೆ 5,85,657 ರೂಪಾಯಿ. ದವಾಖಾನೆಯ ಬಿಲ್ಲು ಕಟ್ಟಿದ್ದನ್ನು ಇದರಲ್ಲಿ ಮುರಿದುಕೊಳ್ಳಲು ಬರುವುದಿಲ್ಲ. ತಡ ಮಾಡಿದರೆ ಶೇ 12ರ ಬಡ್ಡಿ. ಹಕ್ಕುಕೋರಿಕೆಗೆ ಎರಡು ವರ್ಷದ ಅವಧಿ. ಗುಟ್ಟಾಗಿಡಲು ಯಾಕೆ ಅಷ್ಟು ಆತುರ ಎಂಬುದು ಈ ಅಂಕಿಗಳಿಂದ ತಿಳಿಯಬೇಕು. ಇನ್ನೂ ಒಂದು ಕಾರಣವುಂಟು: 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಂತೆ ಇಂಥ ಅಪಘಾತವನ್ನು ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು, ಅವರು ತನಿಖೆ ಮಾಡಬಹುದು. ತನಿಖೆಯಲ್ಲಿ ಮೊದಲ ಪ್ರಶ್ನೆಯೇ ‘ಲೈನ್ ಕ್ಲಿಯರ್ ಯಾರ ಹೆಸರಿನಲ್ಲಿತ್ತು’ ಎಂಬುದು.

ಇಲ್ಲಿಂದ ಕಂಬದ ಮಾತು. ಬಿರುಗಾಳಿ ಬೀಸುತ್ತಿರುವಾಗ ಯಾರೂ ಕಂಬ ಹತ್ತುವುದಿಲ್ಲ, ಹಾಗಾಗಿ ಸಾವು ಆಗ ಬರುವುದು ಕಡಿಮೆ. ಅದು ಬರುವುದು ಮೂರನೆಯ, ನಾಲ್ಕನೆಯ ದಿನ, ಗಾಳಿ ನಿಂತು ಬಿಸಿಲು ಬಂದ ಮೇಲೆ. ಒಂದೇ ಫೀಡರ್ ಮೇಲೆ ಮೂರು ತಂಡ ಕೆಲಸ ಮಾಡುತ್ತಿರುತ್ತವೆ, ಎಲ್ಲರಿಗೂ ನಿದ್ದೆಯಿಲ್ಲ, ಜನ ಕಚೇರಿಗೆ ಮುತ್ತಿಗೆ ಹಾಕಿದ್ದಾರೆ, ಲೈನ್ ಕ್ಲಿಯರ್ ಎಂಬುದು ಮೊಬೈಲಿನ ಒಂದು ‘ಹಾಂ, ಬಂದ್ ಮಾಡಿದೆ’ಗೆ ಇಳಿದಿರುತ್ತದೆ. ಮೊದಲ ತಂಡದವರು ಮುಗಿಸಿ ‘ನಮ್ಮದು ಆಯಿತು’ ಎಂದು ಫೋನು ಮಾಡುತ್ತಾರೆ. ಸಬ್‌ಸ್ಟೇಷನ್‌ನವರು ಚಾರ್ಜ್ ಮಾಡುತ್ತಾರೆ, ಅಂದರೆ ಲೈನಿಗೆ ಕರೆಂಟ್ ಬಿಡುತ್ತಾರೆ. ಎರಡು ಕಿಲೋಮೀಟರ್ ಆಚೆ ಇನ್ನೊಂದು ತಂಡದ ಹುಡುಗ ಇನ್ನೂ ಮೇಲೆಯೇ ಇರುತ್ತಾನೆ.

ಸರಿಯಾದ ಕ್ರಮ ಇಷ್ಟು. ಲೈನ್ ಕ್ಲಿಯರ್ ಬರಹದಲ್ಲಿರಬೇಕು, ತೆಗೆದುಕೊಂಡವರ ಹೆಸರಿರಬೇಕು, ಪ್ರತಿ ತಂಡಕ್ಕೂ ಬೇರೆ ಬೇರೆ. ಫೀಡರ್ ಬಂದ್ ಆದ ಮೇಲೆ ಸ್ಥಳದ ಸ್ವಿಚ್ ತೆರೆದು ಬೀಗ ಹಾಕಬೇಕು. ಟೆಸ್ಟರ್‌ನಿಂದ ತಂತಿಯನ್ನು ಪರೀಕ್ಷಿಸಬೇಕು. ಆಮೇಲೆ ಕೆಲಸದ ಜಾಗದ ಎರಡೂ ಬದಿಯಲ್ಲಿ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಕಟ್ಟಬೇಕು. ಈ ಕೊನೆಯದನ್ನೇ ಎಲ್ಲರೂ ಬಿಡುತ್ತಾರೆ, ಒಂದು ಬದಿ ಕಟ್ಟಿ ‘ಸಾಕು’ ಎನ್ನುತ್ತಾರೆ. ಸಾಕಾಗದು. ಸಬ್‌ಸ್ಟೇಷನ್ ಬಂದ್ ಆಗಿದ್ದರೂ ಕರೆಂಟ್ ಹಿಂದಿನಿಂದ ಬರುತ್ತದೆ. ಗೋವಾದಲ್ಲಿ ಹೋಟೆಲು, ಬಂಗಲೆ, ಹೌಸಿಂಗ್ ಸೊಸೈಟಿ ಎಲ್ಲೆಲ್ಲೂ ಜನರೇಟರ್ ಇವೆ. ಹೊರಗಿನ ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಯಾರೋ ಒಬ್ಬರು ಅದನ್ನು ಮನೆಯ ವೈರಿಂಗ್‌ಗೆ ಸಿಕ್ಕಿಸಿದರೆ, ಆ ಕರೆಂಟ್ ಮೀಟರ್ ದಾಟಿ ಟ್ರಾನ್ಸ್‌ಫಾರ್ಮರ್ ತಲುಪಿ ಅಲ್ಲಿ ಉಲ್ಟಾ ಏರಿ 11 ಸಾವಿರ ವೋಲ್ಟ್ ಆಗುತ್ತದೆ. ಎರಡೂ ಬದಿಯ ಅರ್ಥಿಂಗ್ ಮಾತ್ರ ಅದನ್ನು ತಡೆಯುತ್ತದೆ. ಪಕ್ಕದ ಫೀಡರ್‌ನಿಂದ ತಿರುಗಿಸಿ ಕೊಟ್ಟ ಸಪ್ಲೈ ಕೂಡ ಇದೇ ರೀತಿ ಕೊಲ್ಲುತ್ತದೆ. ಜೊತೆಗೆ ಬುಡ ಬಿರಿದ ಸಿಮೆಂಟ್ ಕಂಬ, ಸ್ಟೇ ತಂತಿ ಕಿತ್ತು ವಾಲಿದ ಕಂಬ, ಮರದ ಕೆಳಗೆ ಬಿಗಿದು ನಿಂತ ತಂತಿ: ಕೊಂಬೆ ಕಡಿದ ಕ್ಷಣ ಅದು ಚಿಮ್ಮುತ್ತದೆ. ವಾಲಿದ ಕಂಬಕ್ಕೆ ಬೆಲ್ಟ್ ಕಟ್ಟಿಕೊಂಡವನು ಕಂಬದೊಂದಿಗೇ ಬೀಳುತ್ತಾನೆ.

ಒಲ್ಲೆ ಎನ್ನಬಹುದೇ ಎಂದಿರಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಾವಳಿಯಂತೆ ಲೈನಿನ ಮೇಲೆ ಕೆಲಸ ಮಾಡುವವರು ಅದಕ್ಕೆಂದು ನೇಮಿಸಿ ಹೆಸರು ದಾಖಲಿಸಿದವರೇ ಆಗಿರಬೇಕು. ಹೆಲ್ಪರ್ ಎಂದು ಸೇರಿಸಿಕೊಂಡವರನ್ನು ಹಗ್ಗ ಎಳೆಯಲು, ಸಾಮಾನು ಕೊಡಲು ಕೆಳಗೆ ನಿಲ್ಲಿಸಬಹುದು, ಮೇಲೆ ಹತ್ತಿಸುವಂತಿಲ್ಲ. ಔದ್ಯೋಗಿಕ ಸುರಕ್ಷತಾ ಸಂಹಿತೆಯ 14ನೇ ಕಲಮಿನಂತೆ, ಜೀವಕ್ಕೆ ತಕ್ಷಣದ ಅಪಾಯವಿದೆ ಎಂದು ಸಕಾರಣವಾಗಿ ಅನಿಸಿದರೆ ಕಾರ್ಮಿಕ ಅದನ್ನು ಮಾಲೀಕರಿಗೂ ಪರಿವೀಕ್ಷಕರಿಗೂ ತಿಳಿಸಬಹುದು, ಮಾಲೀಕರು ಕೂಡಲೇ ಸರಿಪಡಿಸಬೇಕು. ಅದೇ ಸಂಹಿತೆಯಡಿ ಓವರ್‌ಟೈಮ್‌ಗೆ ಕಾರ್ಮಿಕನ ಒಪ್ಪಿಗೆಯೂ ಬೇಕು. ಇವೆಲ್ಲ ಕಾಗದದ ಮಾತಾಯಿತು. ಸ್ಥಳದಲ್ಲಿ ‘ಒಲ್ಲೆ’ ಎಂದರೆ ಅದು ಜಗಳ. ‘ಎಲ್‌ಸಿ (ಲೈನ್ ಕ್ಲಿಯರ್) ಕಾಗದ ತೋರಿಸಿ, ಎರಡೂ ಕಡೆ ರಾಡ್ ಕಟ್ಟಿಸಿ, ಹತ್ತುತ್ತೇನೆ’ ಎಂದರೆ ಅದು ನಿಯಮ, ಹಿರಿಯ ಲೈನ್‌ಮನ್ ಯಾರೂ ಅದನ್ನು ಅವಮಾನವೆಂದು ತಿಳಿಯುವುದಿಲ್ಲ. ಅವರೂ ಹಾಗೆ ಕೇಳಿಯೇ ನಿವೃತ್ತಿಯವರೆಗೆ ಬಂದವರು. ತಮ್ಮನಿಗೆ ಈ ವಾಕ್ಯವನ್ನು ಕೊಂಕಣಿಯಲ್ಲಿ, ಮರಾಠಿಯಲ್ಲಿ ಹೇಳಲು ಕಲಿಸಿ.

ಪಕ್ಕದಲ್ಲೇ ನಿಂತು ದುಡಿಯುವ ಇಲಾಖೆಯ ಕಾಯಂ ಲೈನ್‌ಮನ್ ಸರ್ಕಾರಿ ನೌಕರರು, ಅವರ ಭತ್ಯೆ, ಬದಲಿ ರಜೆಯ ಲೆಕ್ಕ ಬೇರೆ. ಅವರನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ, ಅವರಲ್ಲೂ ಎಷ್ಟೋ ಹುದ್ದೆ ಖಾಲಿ ಬಿದ್ದು ಒಬ್ಬರು ಇಬ್ಬರ ಕೆಲಸ ಮಾಡುತ್ತಾರೆ. ಸಂಸ್ಥೆಯ ಮೂಲ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಹಚ್ಚಬಾರದು ಎಂಬ ನಿಯಮವಿದ್ದರೂ, ಏಕಾಏಕಿ ಹೆಚ್ಚಿದ ಕೆಲಸಕ್ಕೆ ವಿನಾಯಿತಿಯಿದೆ. ಬಿರುಗಾಳಿ ಕೆಲಸ ಅದರಡಿ ಸರಿಯಾಗಿ ಕೂರುತ್ತದೆ. ವರ್ಷವಿಡೀ ಅದೇ ಹುಡುಗರಿಂದ ಅದೇ ಲೈನ್ ನಿರ್ವಹಣೆ ಮಾಡಿಸುವುದು ಕೂರುವುದಿಲ್ಲ, ಆದರೆ ಅದು ಸಂಘಟನೆಯ ಮೂಲಕ ನಡೆಯಬೇಕಾದ ದೊಡ್ಡ ಜಗಳ.

ಸಿಂಧುದುರ್ಗಕ್ಕೆ ಹೋಗುವುದೇ ಆದರೆ, ವ್ಯಾನ್ ಹತ್ತುವ ಮುನ್ನ ಮೂರು ಸಂಗತಿ ಬರಹದಲ್ಲಿ ಬರಲಿ, ಕಡೇಪಕ್ಷ ಮುಕಾದಮರ ವಾಟ್ಸಾಪ್‌ನಲ್ಲಿ: ದಿನದ ಕೂಲಿ ಎಷ್ಟು ಮತ್ತು ಎಷ್ಟು ತಾಸಿಗೆ, ಊಟ ವಸತಿ ಯಾರ ಖರ್ಚು, ಅಲ್ಲಿ ಕೆಲಸ ಮಾಡಿಸುವ ಉಪವಿಭಾಗ ಯಾವುದು. ಗಡಿ ದಾಟಿದ ಮೇಲೆ ಮೂಲ ಮಾಲೀಕರು ಬದಲಾಗುತ್ತಾರೆ, ಕನಿಷ್ಠ ಕೂಲಿಯ ದರ ಮಹಾರಾಷ್ಟ್ರದ್ದಾಗುತ್ತದೆ, ದೂರು ಕೊಡುವ ಕಚೇರಿಯೂ ಅಲ್ಲಿಯದೇ. ಇಎಸ್‌ಐ ಕಾರ್ಡ್ ಇದ್ದರೆ ಜೊತೆಗಿರಲಿ, ಅದು ರಾಜ್ಯದ ಗಡಿ ನೋಡುವುದಿಲ್ಲ. ಈಗಿನ 13,500ರ ಅರ್ಜಿಯನ್ನು ಮಾತ್ರ ಹೊರಡುವುದಕ್ಕೆ ಮೊದಲೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿ.